ಆಮರ್ಸ್ಟ್‌ಗೆ ಹೊರಡುವ ಮುನ್ನ ಎಮಿಲಿಯ ಪತ್ರಗಳನ್ನು ಓದಿ

ಕವಯಿತ್ರಿ ಎಮಿಲಿ ಡಿಕಿನ್ಸನ್ 1830ರಲ್ಲಿ ಹುಟ್ಟಿ 1886ರಲ್ಲಿ ಕಣ್ಣುಮುಚ್ಚಿದ ಮನೆ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಆಮರ್ಸ್ಟ್‌ನಲ್ಲಿದೆ. ಬಾಸ್ಟನ್‌ನಿಂದ ಕಾರಿನಲ್ಲಿ ಸುಮಾರು ಎರಡು ಗಂಟೆಯ ದಾರಿ. ರೈಲಿನಲ್ಲಿ ಬರುವವರು ನಾರ್ತಾಂಪ್ಟನ್‌ನಲ್ಲಿ ಇಳಿದು ಸ್ಥಳೀಯ ಬಸ್ ಹಿಡಿಯಬಹುದು. ಮನೆ ಈಗ ವಸ್ತುಸಂಗ್ರಹಾಲಯ. ಅದು ವಾರವಿಡೀ ತೆರೆದಿರುವುದಿಲ್ಲ, ಚಳಿಗಾಲದಲ್ಲಿ ಕೆಲವು ವಾರ ಪೂರ್ತಿ ಮುಚ್ಚಿರುತ್ತದೆ. ಆದ್ದರಿಂದ ದಿನ ನೋಡಿಕೊಂಡು ಟಿಕೆಟ್ ಮೊದಲೇ ಕಾದಿರಿಸಿ.

ಹೋಮ್‌ಸ್ಟೆಡ್ ಎಂಬ ಈ ಮನೆಯ ಮಹಡಿಯ ಮೂಲೆಯಲ್ಲಿ ಆಕೆಯ ಕೋಣೆ. ಗುಲಾಬಿ ಹೂಗಳ ಗೋಡೆ ಕಾಗದವನ್ನು ಮತ್ತೆ ಮಾಡಿಸಿ ಅಂಟಿಸಿದ್ದಾರೆ. ಬಿಳಿಯ ಉಡುಗೆಯೂ ಪುಟ್ಟ ಬರೆಯುವ ಮೇಜೂ ಪ್ರತಿಕೃತಿಗಳು. ಮೂಲ ಮೇಜು ಹಾರ್ವರ್ಡ್‌ನಲ್ಲಿದೆ. ಇದಕ್ಕಾಗಿ ಬೇಸರಪಡಬೇಡಿ. ಪಶ್ಚಿಮದ ಕಿಟಕಿಯ ಬಳಿ ನಿಲ್ಲಿ. ಅಲ್ಲಿಂದ ಅಣ್ಣ ಆಸ್ಟಿನ್ ಮತ್ತು ಅತ್ತಿಗೆ ಸೂಸನ್ ಅವರ ಎವರ್‌ಗ್ರೀನ್ಸ್ ಮನೆ ಕಾಣುತ್ತದೆ. ಕೂಗಿದರೆ ಕೇಳಿಸುವಷ್ಟು ಹತ್ತಿರವಿದ್ದ ಆ ಅತ್ತಿಗೆಗೆ ಎಮಿಲಿ ದಶಕಗಳ ಕಾಲ ನೂರಾರು ಚೀಟಿ, ಪತ್ರ, ಕವಿತೆಗಳನ್ನು ಕಳುಹಿಸುತ್ತಲೇ ಇದ್ದಳು. ಜನರಿಂದ ದೂರ ಉಳಿದವಳು ಎಂದು ನಾವು ಕೇಳಿಬಂದ ಈಕೆಗೆ ಮನುಷ್ಯರು ಎಷ್ಟು ಬೇಕಾಗಿದ್ದರು ಎಂಬುದು ನನಗೆ ಆ ಕಿಟಕಿಯಲ್ಲಿ ಮನವರಿಕೆಯಾಯಿತು. ಸಮಯ ಸಾಲದೆಂದು ಎವರ್‌ಗ್ರೀನ್ಸ್ ಅನ್ನು ದಯವಿಟ್ಟು ಬಿಡಬೇಡಿ.

ಕೆಳಗಿನ ಪಡಸಾಲೆಯಲ್ಲೂ ಸ್ವಲ್ಪ ಹೊತ್ತು ಕಳೆಯಿರಿ. 1862ರ ಏಪ್ರಿಲ್‌ನಲ್ಲಿ ಎಮಿಲಿ ಲೇಖಕ ಥಾಮಸ್ ವೆಂಟ್ವರ್ತ್ ಹಿಗ್ಗಿನ್‌ಸನ್ ಅವರಿಗೆ ಕವಿತೆಗಳನ್ನು ಕಳುಹಿಸಿ, ಇವುಗಳಲ್ಲಿ ಜೀವವಿದೆಯೇ ಎಂದು ಕೇಳಿದ್ದಳು. ಅವರು ಈ ಮನೆಗೆ ಬಂದು ಆಕೆಯನ್ನು ಕಂಡದ್ದು 1870ರಲ್ಲಿ. ಎರಡು ಲಿಲ್ಲಿ ಹೂಗಳನ್ನು ಅವರ ಕೈಗಿಟ್ಟು, ಇದೇ ನನ್ನ ಪರಿಚಯ ಎಂದಳಂತೆ.

ಆಕೆಯ ಮರಣದ ನಂತರ ತಂಗಿ ಲವೀನಿಯಾ, ಆಗಿನ ರೂಢಿಯಂತೆ, ಅಕ್ಕನಿಗೆ ಬಂದಿದ್ದ ಪತ್ರಗಳನ್ನು ಸುಟ್ಟುಹಾಕಿದಳು. ಹೀಗಾಗಿ ಇಂದು ನಾವು ಓದುವುದು ಹೆಚ್ಚಾಗಿ ಒಂದು ಕಡೆಯ ಮಾತನ್ನು ಮಾತ್ರ. ಆ ನಷ್ಟ ನೆನೆದರೆ ಈಗಲೂ ಸಂಕಟವಾಗುತ್ತದೆ. ಆದರೆ ಸುಮಾರು 1,800 ಕವಿತೆಗಳು ಉಳಿದು ಲೋಕಕ್ಕೆ ಬಂದದ್ದೂ ಅದೇ ಲವೀನಿಯಾಳ ಹಟದಿಂದ.

ವೆಸ್ಟ್ ಸೆಮೆಟರಿಗೆ ನಡೆದೇ ಹೋಗಬಹುದು. ಕಬ್ಬಿಣದ ಬೇಲಿಯೊಳಗೆ ಎಮಿಲಿ, ಲವೀನಿಯಾ ಮತ್ತು ಅವರ ತಂದೆತಾಯಿಯ ಸಮಾಧಿಗಳಿವೆ. ಹಸ್ತಪ್ರತಿಗಳು ಆಮರ್ಸ್ಟ್ ಕಾಲೇಜು ಮತ್ತು ಹಾರ್ವರ್ಡ್‌ನಲ್ಲಿ ಹಂಚಿಹೋಗಿವೆ. ಅವುಗಳ ಚಿತ್ರಗಳು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಹೊರಡುವ ಮುನ್ನ, ಹಳೆಯ ಲಕೋಟೆಗಳ ಹಿಂಬದಿಯಲ್ಲಿ ಆಕೆ ಬರೆದ ಸಾಲುಗಳನ್ನು ತಪ್ಪದೆ ನೋಡಿ.