ಕುಶಿರೋ ಜೌಗು ನೆಲ: ಮೇಲಿಂದಲೂ ನೋಡಿ, ನೀರಿಗಿಳಿದೂ ನೋಡಿ

ಜಪಾನಿನ ಹೊಕ್ಕೈಡೋ ದ್ವೀಪಕ್ಕೆ ಹೋಗುವ ಯೋಚನೆ ಇದ್ದರೆ ಕುಶಿರೋ ಜೌಗು ನೆಲಕ್ಕೆ ಒಂದು ಇಡೀ ದಿನ ಎತ್ತಿಡಿ. ಆ ದೇಶದ ಅತಿ ದೊಡ್ಡ ಜೌಗು ಇದು. 1980ರಲ್ಲಿ ಅಲ್ಲಿನ ಮೊದಲ ರಾಮ್ಸರ್ ತಾಣವಾಯಿತು (ಜೌಗು ನೆಲಗಳನ್ನು ಕಾಪಾಡುವ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗೆ ಸೇರಿದ ಜಾಗ), 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು.

ಕುಶಿರೋ ನಗರದಿಂದ ಸೆನ್ಮೋ ಮಾರ್ಗದ ರೈಲು ಹತ್ತಿ. ಜೌಗಿನ ಪೂರ್ವದ ಅಂಚಿನಲ್ಲೇ ಸಾಗುತ್ತದೆ. ರೈಲುಗಳು ಮಾತ್ರ ಬಹಳ ಕಡಿಮೆ. ಹಾಗಾಗಿ ವಾಪಸ್ ರೈಲಿನ ಸಮಯ ಮೊದಲು ನೋಡಿಕೊಂಡು, ಮಿಕ್ಕಿದ್ದನ್ನು ಅದಕ್ಕೆ ಹೊಂದಿಸಿ. ಕುಶಿರೋ-ಶಿತ್ಸುಗೆನ್ ನಿಲ್ದಾಣದಲ್ಲಿ ಇಳಿದು ಗುಡ್ಡ ಹತ್ತಿದರೆ ಹೊಸೊಕಾ ವೀಕ್ಷಣಾ ತಾಣ ಸಿಗುತ್ತದೆ. ಜೌಗಿನ ನಡುವೆ ಹರಿಯುವ ಕುಶಿರೋ ನದಿಯ ತಿರುವುಗಳನ್ನು ನೋಡಲು ಇದೇ ಒಳ್ಳೆಯ ಜಾಗ. ಇಲ್ಲಿಂದ ಪಶ್ಚಿಮ ಪೂರ್ತಿ ತೆರೆದುಕೊಂಡಿರುವುದರಿಂದ ಸಂಜೆ ಹೊತ್ತು ಬಂದರೆ ಇನ್ನೂ ಚೆನ್ನ.

ಆದರೆ ಮೇಲಿಂದ ನೋಡಿ ಹಿಂತಿರುಗಬೇಡಿ. ತೋರೋ ಸರೋವರದಿಂದ ಹೊಸೊಕಾ ಕಡೆಗೆ ಗೈಡ್ ಜೊತೆ ದೋಣಿಯಲ್ಲಿ ಬನ್ನಿ, ಸುಮಾರು ಎರಡು ಗಂಟೆಯ ದಾರಿ. ಹುಟ್ಟು ಹಾಕುವ ಕೆಲಸ ಜಾಸ್ತಿ ಇಲ್ಲ, ನೀರೇ ನಿಧಾನವಾಗಿ ಕರೆದೊಯ್ಯುತ್ತದೆ, ನೆಲ ಅಷ್ಟು ಸಪಾಟು. ತಿರುವಿನ ಹೊರದಡವನ್ನು ನದಿ ಕೊರೆಯುವುದು, ಒಳದಡದಲ್ಲಿ ಮಣ್ಣು ಬಿಡುವುದು ಎರಡೂ ಕೈಗೆಟಕುವಷ್ಟು ಹತ್ತಿರದಲ್ಲಿ ಕಾಣುತ್ತವೆ.

ನನ್ನನ್ನು ಜಾಸ್ತಿ ತಟ್ಟಿದ್ದು, ನದಿಯಲ್ಲಿ ತೋರೋಗಿಂತ ಮೇಲ್ಗಡೆ ಇರುವ ಕಯನುಮಾ ಬಳಿಯ ಕಥೆ. ಹೊಲಗಳಿಗೆಂದು ಅಲ್ಲಿ ನದಿಯನ್ನು ನೆಟ್ಟಗೆ ಮಾಡಿದ್ದರು. ನೀರು ರಭಸವಾಗಿ ಹರಿದು ಹೂಳನ್ನೆಲ್ಲ ಜೌಗಿಗೆ ತಂದು ಸುರಿಯಿತು. ಕೊನೆಗೆ ಹಳೆಯ ಪಾತ್ರವನ್ನೇ ಮತ್ತೆ ಅಗೆದು, 2010ರಲ್ಲಿ ತಿರುವುಗಳಿಗೆ ನೀರು ಬಿಟ್ಟರು. ಒಂದು ನದಿಗೆ ಅದರ ದಾರಿಯನ್ನು ವಾಪಸ್ ಕೊಡುವುದು ಸಣ್ಣ ಮಾತಲ್ಲ ಅಲ್ವಾ?

ನೆತ್ತಿ ಕೆಂಪಗಿರುವ ತಾಂಚೊ ಕೊಕ್ಕರೆಗಳು ಜಪಾನಿನಲ್ಲಿ ಅಳಿದೇ ಹೋದವು ಎಂದುಕೊಂಡಿದ್ದಾಗ, 1924ರಲ್ಲಿ ಇಲ್ಲೇ ಕೆಲವು ಸಿಕ್ಕಿದ್ದವು. ಈಗ ಸಾವಿರಕ್ಕೂ ಹೆಚ್ಚಿವೆ. ಬೇಸಿಗೆಯಲ್ಲಿ ಅವು ಜೊಂಡಿನೊಳಗೆ ಮರಿ ಸಾಕುತ್ತವೆ, ದುರ್ಬೀನು ಬೇಕೇ ಬೇಕು. ಹಿಂಡುಗಳನ್ನೇ ನೋಡುವ ಆಸೆ ಇದ್ದರೆ ಚಳಿಗಾಲದಲ್ಲಿ ತ್ಸುರುಯಿ ಹಳ್ಳಿಗೆ ಹೋಗಿ, ಅಲ್ಲಿ ಅವುಗಳಿಗೆ ಕಾಳು ಹಾಕುತ್ತಾರೆ.

ಬೇಸಿಗೆಯಲ್ಲೂ ಬೆಚ್ಚನೆಯ ಅಂಗಿ ಇರಲಿ, ಸಮುದ್ರದಿಂದ ಮಂಜು ನುಗ್ಗುತ್ತದೆ. ಮಂಜು ಕವಿದ ದಿನ ಹೊಸೊಕಾದಿಂದ ಏನೂ ಕಾಣುವುದಿಲ್ಲ. ಅಂಥ ದಿನ ಪಶ್ಚಿಮ ಬದಿಯ ಒನ್ನೆನಾಯ್ ಹಲಗೆ ದಾರಿಗೆ ಹೋಗಿ. ಅಲ್ಲಿ ನೋಡುವುದೆಲ್ಲ ಕಾಲ ಬುಡದಲ್ಲೇ ಇದೆ: ಪಾಚಿ, ಹೂವು, ಹುಲ್ಲಿನ ಗುಪ್ಪೆ. ಹಲಗೆ ಬಿಟ್ಟು ಮಾತ್ರ ಇಳಿಯಬೇಡಿ. ಮೇಲೆ ಸಣ್ಣ ಗುಂಡಿಯಂತೆ ಕಾಣುವ ನೀರಿನ ಕಣ್ಣುಗಳು ಒಳಗೆ ಆಳು ಮುಳುಗುವಷ್ಟು ಆಳ ಇರುತ್ತವೆ.