ಉಳಿದ ಬ್ಯಾಟಿಂಗ್ ತುಂಡುಗಳು

ಇವತ್ತು ಸಂಜೆ ಪೂರ್ತಿ ಒಂದೇ ಕೆಲಸ. ಕ್ವಿಲ್ಟ್, ಅಂದರೆ ಕೌದಿಯಂಥ ಹೊದಿಕೆ, ಹೊಲಿದು ಉಳಿದ ಬ್ಯಾಟಿಂಗ್ ತುಂಡುಗಳನ್ನು ಒಂದಕ್ಕೊಂದು ಸೇರಿಸಿದೆ. ಅದೇ, ಮೇಲಿನ ಬಟ್ಟೆಗೂ ಕೆಳಗಿನ ಬಟ್ಟೆಗೂ ನಡುವೆ ಕೂರುವ ಮೆತ್ತನೆಯ ಪದರ. ಒಂದು ಚೀಲ ತುಂಬಾ ಇತ್ತು, ಎಸೆಯಲು ಮನಸ್ಸೇ ಬಂದಿರಲಿಲ್ಲ.

ಮೊದಲು ಹತ್ತಿಯದನ್ನು ಒಂದು ಕಡೆ, ಪಾಲಿಯೆಸ್ಟರ್‌ನದನ್ನು ಇನ್ನೊಂದು ಕಡೆ ಇಟ್ಟೆ. ಇವೆರಡನ್ನು ಬೆರೆಸಬಾರದು. ಒಗೆದಾಗ ಹತ್ತಿ ಕುಗ್ಗುತ್ತದೆ, ಪಾಲಿಯೆಸ್ಟರ್ ಹೆಚ್ಚುಕಮ್ಮಿ ಹಾಗೇ ಇರುತ್ತದೆ.

ಒಂದರ ಮೇಲೊಂದು ಇಟ್ಟು ಹೊಲಿದರೆ ಅಲ್ಲಿ ದಪ್ಪ ಗೆರೆ ಎದ್ದು ಕಾಣುತ್ತದೆ. ಅದಕ್ಕೇ ಎರಡು ತುಂಡುಗಳ ಅಂಚನ್ನು 2 ಇಂಚಿನಷ್ಟು ಮೇಲೆ ಮೇಲೆ ಇಟ್ಟು, ಕಟರ್‌ನಿಂದ ಎರಡನ್ನೂ ಒಟ್ಟಿಗೆ ಅಂಕುಡೊಂಕಾಗಿ ಕತ್ತರಿಸುತ್ತೇನೆ. ಉಳಿದ ಚೂರು ತೆಗೆದರೆ ಅಂಚಿಗೆ ಅಂಚು ಸರಿಯಾಗಿ ಕೂರುತ್ತದೆ. ನೇರವಾಗಿ ಕತ್ತರಿಸುವುದಕ್ಕಿಂತ ಇದೇ ನನಗಿಷ್ಟ, ಜೋಡಿಸಿದ ಜಾಗದಲ್ಲಿ ಮಡಿಕೆ ಬೀಳುವುದು ಕಮ್ಮಿ. ಆಮೇಲೆ ಅಗಲವಾದ ಝಿಗ್‌ಝ್ಯಾಗ್ ಹೊಲಿಗೆ. ಸೂಜಿ ಒಮ್ಮೆ ಈ ತುಂಡಿಗೆ, ಒಮ್ಮೆ ಆ ತುಂಡಿಗೆ. ಜಾಸ್ತಿ ಎಳೆಯಬಾರದು, ಎಳೆದರೆ ಅಂಚು ಹಿಗ್ಗಿ ಉಬ್ಬಿಬಿಡುತ್ತದೆ. ಸುಮ್ನೆ ಕೈ ತಾಗಿಸಿ ದಾರಿ ತೋರಿಸಿದರೆ ಸಾಕು.

ಕೊನೆಯ ತುಂಡಿನ ಅಂಚಿನಲ್ಲಿ ನೀಲಿ ದಾರದ ಒಂದು ಎಳೆ ಅಂಟಿಕೊಂಡಿತ್ತು. ಅಕ್ಕನ ಮಗಳು ಹುಟ್ಟಿದಾಗ ಹೊಲಿದ ಕ್ವಿಲ್ಟಿನದು. ಅವಳಾಗಲೇ ಶಾಲೆಗೆ ಹೋಗುತ್ತಿದ್ದಾಳೆ. ಎಷ್ಟು ಬೇಗ ದಿನ ಹೋಗುತ್ತೆ ಅಲ್ವಾ? ಆ ಎಳೆಯನ್ನು ಕಿತ್ತು ಹಾಕಲು ಕೈ ಬರಲಿಲ್ಲ. ಅದನ್ನೂ ಒಳಗೇ ಬಿಟ್ಟು ಹೊಲಿದೆ. ಈಗ ಒಂದು ಪುಟ್ಟ ಹೊದಿಕೆಗೆ ಸಾಕಾಗುವಷ್ಟು ಪದರ ಸಿದ್ಧವಾಗಿದೆ. ನಾಳೆ ಮೇಲಿನ ಬಟ್ಟೆ ಆರಿಸಬೇಕು.