ಪಾಸ್‌ವರ್ಡ್ ಕೇಳುವ ಪ್ರೀತಿ

ಮದುವೆ ಗೊತ್ತಾದ ಹುಡುಗ ಹುಡುಗಿಯ ಮೊಬೈಲ್ ಪಾಸ್‌ವರ್ಡ್ ಕೇಳುವುದು, ಕೊಡದಿದ್ದರೆ ಮುನಿಸಿಕೊಳ್ಳುವುದು ನಮ್ಮ ದಾವಣಗೆರೆಯಲ್ಲೂ ಮಾಮೂಲಾಗುತ್ತಿರುವುದು ನನ್ನನ್ನು ಕಾಡುತ್ತಿದೆ. ವಿದ್ಯಾನಗರದ ನಮ್ಮ ಪಕ್ಕದ ಮನೆಯ, ಮದುವೆ ಗೊತ್ತಾದ ಹುಡುಗಿ ನಿನ್ನೆ ಫೋನನ್ನು ನನ್ನ ಕೈಗಿಟ್ಟು, "ಅಕ್ಕಾ, ನಾನು ಗೆಳತಿಗೆ ಬರೆದಿದ್ದೆಲ್ಲ ಅವರಿಗೆ ಹೆಂಗೆ ಗೊತ್ತಾಗುತ್ತೆ, ಸ್ವಲ್ಪ ನೋಡ್ರಿ" ಎಂದಳು. ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ ಲಿಂಕ್ಡ್ ಡಿವೈಸಸ್, ಅಂದರೆ ಅದೇ ಖಾತೆಗೆ ಜೋಡಿಸಿದ ಬೇರೆ ಸಾಧನಗಳ ಪಟ್ಟಿ, ತೆರೆದಾಗ, ಅವಳು ಎಂದೂ ಬಳಸದ ಕಂಪ್ಯೂಟರೊಂದು ಅಲ್ಲಿತ್ತು. ಫೋನು ಒಮ್ಮೆ ಕೈಗೆ ಸಿಕ್ಕಾಗ ಕಂಪ್ಯೂಟರ್ ಪರದೆಯ ಕ್ಯೂಆರ್ ಕೋಡನ್ನು ಅದರಿಂದ ಸ್ಕ್ಯಾನ್ ಮಾಡಿಕೊಂಡರೆ, ಆಮೇಲೆ ಫೋನು ಅವಳ ಬಳಿಯೇ ಇದ್ದರೂ ಸಂದೇಶಗಳು ಇನ್ನೊಬ್ಬರ ಕಣ್ಣೆದುರು ತೆರೆದುಕೊಳ್ಳುತ್ತಲೇ ಇರುತ್ತವೆ. ಅದನ್ನು ಒತ್ತಿ ಲಾಗ್ ಔಟ್ ಮಾಡಿದೆವು.

2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರೇ ಎಂಬುದು ನನಗೆ ಹೆಮ್ಮೆ. ಆದರೆ ಇಬ್ಬರ ನಡುವಿನ ಮಾತು ಕೋರ್ಟಿನವರೆಗೆ ಹೋಗಬೇಕಿಲ್ಲ. ಆ ಫೋನಿನಲ್ಲಿ ಅವಳದಷ್ಟೇ ಅಲ್ಲ, ಗಂಡನ ಮನೆಯ ಕಷ್ಟವನ್ನು ಅವಳೊಬ್ಬಳಲ್ಲೇ ತೋಡಿಕೊಂಡ ಗೆಳತಿಯ ಮಾತೂ ಇದೆ, ತಂಗಿಯ ಆಸ್ಪತ್ರೆ ರಿಪೋರ್ಟೂ ಇದೆ. ಅದನ್ನು ಓದಲು ಅವರು ಯಾರೂ ಆ ಹುಡುಗನಿಗೆ ಒಪ್ಪಿಗೆ ಕೊಟ್ಟಿರಲಿಲ್ಲ. ಕಷ್ಟಕಾಲಕ್ಕಿರಲೆಂದು ಗಂಡ ಹೆಂಡತಿ ಮನಸ್ಸಿಟ್ಟು ಪರಸ್ಪರ ಪಾಸ್‌ವರ್ಡ್ ಹೇಳಿಕೊಂಡರೆ ನನ್ನ ತಕರಾರಿಲ್ಲ. ಆದರೆ ಸಂಶಯವಿದ್ದವರು ಅದನ್ನು ಬಾಯಿಬಿಟ್ಟು ಕೇಳಬೇಕು, ಮತ್ತು ಕೇಳಿದಾಗ ಬಂದ ಉತ್ತರವನ್ನು ನಂಬಲಾಗದಿದ್ದರೆ ಲಗ್ನಪತ್ರಿಕೆ ಅಚ್ಚಿಗೆ ಹೋಗುವ ಮೊದಲೇ ಕೂತು ಮಾತಾಡಬೇಕು.